ಡೂಗಲ್ ಪಿರಿಯ ಕಾಕಂಬಿ ಯಂತ್ರ

ಉತ್ತರ ಸಮುದ್ರದ ಬಿರುಗಾಳಿಯಲ್ಲಿ, ನೆತ್ತಿಯ ಮೇಲೆ ಉಗಿ, ಕಾಲ ಕೆಳಗೆ ಎಣ್ಣೆ, ಸುತ್ತಲೂ ಕುಡುಕ ಖಲಾಸಿಗಳನ್ನು ಇಟ್ಟುಕೊಂಡು ಹಡಗಿನ ಎಂಜಿನ್ ನಡೆಸಿದವನಿಗೆ ಊರಿನ ಒಂದಷ್ಟು ಚಿಳ್ಳೆಪಿಳ್ಳೆಗಳು ಯಾವ ಲೆಕ್ಕ! ಹೀಗೆಂದು ಡೂಗಲ್ ಪಿರಿ ತನಗೆ ತಾನೇ ಹೇಳಿಕೊಂಡ. ತನಗೆ ತಾನೇ ಯಾಕೆಂದರೆ, ಕೇಳಿಸಿಕೊಳ್ಳಲು ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ.

ಸ್ಕಾಟ್ಲೆಂಡಿನ ಕಡಲಂಚಿನ ಪೋರ್ಟಾರ್ನಿ ಎಂಬ ಆ ಹಳ್ಳಿಯಲ್ಲಿ ಅಕ್ಟೋಬರ್ ಕೊನೆಯ ದಿನದ ಹ್ಯಾಲೋವೀನ್ ಸಂಜೆ ಮಕ್ಕಳಿಗೆ ಆಟ ಆಡಿಸುವುದು ಅವನ ಹೆಂಡತಿ ಎಫಿಯ ಹಕ್ಕಾಗಿತ್ತು. ಆಗಷ್ಟೇ ಮಾತು ಕಲಿತ ಮಗುವಿನಿಂದ ಹಿಡಿದು ಮೀಸೆ ಚಿಗುರುವ ಹುಡುಗರ ತನಕ ಎಲ್ಲರೂ ವೇಷ ಹಾಕಿಕೊಂಡು ಅವಳ ಅಡುಗೆಮನೆಗೆ ನುಗ್ಗುತ್ತಿದ್ದರಂತೆ. ಡೂಗಲ್ ಅದನ್ನು ಒಮ್ಮೆಯೂ ಕಂಡವನಲ್ಲ. ಪ್ರತಿ ಅಕ್ಟೋಬರಿನಲ್ಲೂ ಅವನು ಯಾವುದೋ ಮೀನಿನ ಹಡಗಿನ ಹೊಟ್ಟೆಯೊಳಗೆ ಇರುತ್ತಿದ್ದ. ಕೊನೆಗೂ ನಿವೃತ್ತನಾಗಿ ಬಂದ. ಇನ್ನು ಇಬ್ಬರೂ ಎದುರುಬದುರು ಕೂತು ಮಾತಾಡೋಣ ಎನ್ನುವಷ್ಟರಲ್ಲಿ, ಮಾರ್ಚ್ ತಿಂಗಳಲ್ಲಿ, ಎಫಿ ತೀರಿಕೊಂಡಳು.

ಮಣ್ಣು ಮಾಡಿದ ವಾರವೆಲ್ಲ ಊರಿನ ಹೆಂಗಸರು ಪಾತ್ರೆ ಪಾತ್ರೆ ಸೂಪು ತಂದುಕೊಟ್ಟರು. ಆಮೇಲೆ ಯಾರೂ ಬರಲಿಲ್ಲ. ಆ ಪಾತ್ರೆಗಳನ್ನು ಡೂಗಲ್ ಎಂಜಿನ್ನಿನ ಬಿಡಿಭಾಗಗಳಂತೆ ತಿಕ್ಕಿ, ಹೊಳೆಯಿಸಿ, ಕಿಟಕಿಯ ಪಕ್ಕದ ಹಲಗೆಯ ಮೇಲೆ ಸಾಲಾಗಿ ಜೋಡಿಸಿಟ್ಟ. ಯಾವುದು ಯಾರದೆಂದು ಗೊತ್ತಿಲ್ಲ, ಹೋಗಿ ಕೇಳಲು ನಾಚಿಕೆ. ನಿಜ ಹೇಳಬೇಕೆಂದರೆ, ಪಾತ್ರೆ ಕೇಳುವ ನೆಪದಲ್ಲಾದರೂ ಯಾರಾದರೊಬ್ಬರು ಬಂದು ಬಾಗಿಲು ತಟ್ಟಿಯಾರು ಎಂಬ ಆಸೆ. ಯಾರೂ ತಟ್ಟಲಿಲ್ಲ. ಅಂಚೆಯವನೂ ಬಾಗಿಲ ಸೀಳಿನಲ್ಲಿ ಕಾಗದ ತುರುಕಿ ಹೋಗಿಬಿಡುತ್ತಿದ್ದ. ಈ ಹ್ಯಾಲೋವೀನಿಗೆ ಮಕ್ಕಳು ಬಂದು, ಕುಣಿದು, ಮತ್ತೆ ಬರುತ್ತೇವೆ ಎಂದರೆ ಅದು ಬಾಗಿಲು. ಇಲ್ಲವೆಂದರೆ ಇನ್ನು ಅದೂ ಒಂದು ಗೋಡೆ. ಡೂಗಲ್‌ಗೆ ಇಷ್ಟು ಸ್ಪಷ್ಟವಾಗಿತ್ತು.

ಪಕ್ಕದ ಮನೆಯ ಇಸೊಬೆಲ್ ಎಫಿಯ ಜೀವದ ಗೆಳತಿ. ಬೇಲಿಯಾಚೆ ಬಟ್ಟೆ ಹರವುತ್ತಿದ್ದವಳಿಗೆ ಡೂಗಲ್ ಗಂಟಲು ಸರಿಮಾಡಿಕೊಂಡು ಹೇಳಿದ:

"ಈ ಸಲದ ಪಾರ್ಟಿ ನಾನೇ ಮಾಡ್ತೀನಿ."

"ನೀನಾ?"

"ಯಾಕೆ, ನನಗೇನು ಕೈಕಾಲಿಲ್ವಾ?"

"ಕೈಕಾಲಿದೆ, ಬಾಯಿ ಇಲ್ಲ. ಏಳು ತಿಂಗಳಿಂದ ಪಕ್ಕದಲ್ಲೇ ಇದ್ದೀಯ, ನೀನಾಗಿ ಬಾಯಿ ಬಿಟ್ಟಿದ್ದು ಇವತ್ತೇ. ಮಕ್ಕಳ ಹೆಸರಾದ್ರೂ ಗೊತ್ತೇನಯ್ಯ?"

"ಹೆಸರು ಯಾಕೆ? ವಯಸ್ಸು ಗೊತ್ತಿದ್ರೆ ಸಾಕು. ವಯಸ್ಸಿಗೆ ತಕ್ಕ ಆಟ. ಎಲ್ಲಾ ಯೋಜನೆ ಹಾಕಿದ್ದೀನಿ."

"ಅದು ಕಪ್ಪೆ ತೂಗೋ ಕೆಲಸ ಮಾರಾಯ. ಒಂದನ್ನ ತಕ್ಕಡಿಗೆ ಹಾಕೋದ್ರಲ್ಲಿ ಇನ್ನೊಂದು ಹಾರಿರುತ್ತೆ."

ಡೂಗಲ್ ಬೇಲಿಯ ಸಡಿಲ ಮೊಳೆಯೊಂದನ್ನು ಹೆಬ್ಬೆರಳಲ್ಲಿ ಒತ್ತುತ್ತ ಕೇಳಿದ: "ಎಫಿ ನನ್ನ ಬಗ್ಗೆ ನಿನ್ನ ಹತ್ರ ಏನಾದ್ರೂ ಹೇಳ್ತಿದ್ಲಾ?"

"ಎಲ್ಲಾನೂ ಹೇಳ್ತಿದ್ಲು."

"ಏನಂತ?"

"ಅದ್ರಲ್ಲಿ ಒಳ್ಳೇದೂ ಇತ್ತು ಬಿಡು," ಎಂದು ಇಸೊಬೆಲ್ ಅವನ ಹೆಗಲ ಮೇಲಿಂದ ಅಡುಗೆಮನೆಯ ಕಿಟಕಿಯತ್ತ ನೋಡಿದಳು. ಅಲ್ಲಿ ಪಾತ್ರೆಗಳ ಸಾಲಿನಲ್ಲಿ, ಜಾಮ್ ಕುದಿಸುವ ಅಗಲವಾದ ಒಂದು ಹಿತ್ತಾಳೆ ಬೋಗುಣಿ ಬಿಸಿಲಿಗೆ ಹೊಳೆಯುತ್ತಿತ್ತು. ಏನೋ ಹೇಳಹೊರಟವಳು ಕ್ಲಿಪ್ಪನ್ನು ಹಲ್ಲಲ್ಲಿ ಕಚ್ಚಿಕೊಂಡು ಸುಮ್ಮನಾದಳು.

ಯೋಜನೆ ಅಂದರೆ ಅಂತಿಂಥ ಯೋಜನೆಯಲ್ಲ. ಊರಿನ ಹಳೆಯ ಆಟಗಳು ಮೂರು. ನೀರಿನಲ್ಲಿ ತೇಲುವ ಸೇಬಿನ ಮೇಲೆ, ಹಲ್ಲಲ್ಲಿ ಕಚ್ಚಿದ ಫೋರ್ಕನ್ನು ಗುರಿಯಿಟ್ಟು ಬೀಳಿಸುವುದು ಒಂದು. ಹಿಟ್ಟಿನ ಗುಡ್ಡದ ನೆತ್ತಿಯ ಮೇಲಿನ ಮಿಠಾಯಿ ಬೀಳದಂತೆ ಹಿಟ್ಟು ಕೊಯ್ಯುವುದು ಇನ್ನೊಂದು. ಮೂರನೆಯದು ಎಲ್ಲಕ್ಕೂ ರಾಜ: ದಾರದಲ್ಲಿ ತೂಗುವ, ಬೆಲ್ಲದ ಪಾಕದಂಥ ಕಪ್ಪು ಕಾಕಂಬಿ ಸುರಿಯುವ ಸ್ಕೋನ್ ಎಂಬ ದಪ್ಪ ಬನ್ನನ್ನು ಕೈ ಹಿಂದೆ ಕಟ್ಟಿ ಬಾಯಲ್ಲೇ ತಿನ್ನುವುದು. ಕೈ ಕೆಸರಾದರೆ ಬಾಯಿ ಮೊಸರು ಅನ್ನುತ್ತಾರಲ್ಲ, ಇಲ್ಲಿ ಕೈ ಚೊಕ್ಕ, ಮೂತಿಯೆಲ್ಲ ಕಾಕಂಬಿ.

ತೊಡಕಿರುವುದು ಎತ್ತರದಲ್ಲಿ. ದಾರವನ್ನು ಚಿಕ್ಕವರ ಅಳತೆಗೆ ಇಳಿಸಿದರೆ ದೊಡ್ಡವರು ಬಗ್ಗಿ ಎಲ್ಲವನ್ನೂ ಮುಗಿಸುತ್ತಾರೆ, ದೊಡ್ಡವರ ಅಳತೆಗೆ ಏರಿಸಿದರೆ ಚಿಕ್ಕವರು ಅತ್ತು ಮನೆಗೆ ಹೋಗುತ್ತಾರೆ. ಡೂಗಲ್ ತಲೆಯೆತ್ತಿ ನೋಡಿದ. ಅಡುಗೆಮನೆಯ ಸೂರಿನಲ್ಲಿ ಎಫಿ ಬಟ್ಟೆ ಒಣಹಾಕುತ್ತಿದ್ದ ಉದ್ದನೆಯ ಮರದ ಚೌಕಟ್ಟು, ಅದರ ಎರಡು ರಾಟೆ, ಎರಡು ಹಗ್ಗ! ಎರಡೂ ಹಗ್ಗವನ್ನು ಬಿಡಿಸಿ ಒಂದೊಂದು ಕೈಯಲ್ಲಿ ಹಿಡಿದರೆ ಚೌಕಟ್ಟಿನ ಒಂದು ತುದಿ ತಗ್ಗು, ಇನ್ನೊಂದು ತುದಿ ಎತ್ತರ. ಮೂರು ವರ್ಷದವರಿಗೂ ಹದಿನಾಲ್ಕು ವರ್ಷದವರಿಗೂ ಏಕಕಾಲಕ್ಕೆ ನ್ಯಾಯ ಒದಗಿಸುವ, ಭೂಮಂಡಲದ ಮೊಟ್ಟಮೊದಲ ಯಂತ್ರ!

ಅಷ್ಟಕ್ಕೇ ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ಆದರೆ ಎಂಜಿನ್ ಕಂಡಲ್ಲಿ ಎಣ್ಣೆ ಬಿಡದೆ ಎಂಜಿನಿಯರನಿಗೆ ನಿದ್ದೆ ಬರುವುದಿಲ್ಲ. ಸ್ಕೋನಿನ ಕಾಕಂಬಿ ಮುಗಿದರೆ? ಹಲಗೆಯ ಮೇಲಿನ ನೀಲಿ ಪಾತ್ರೆಯೊಂದಕ್ಕೆ ಬೆಚ್ಚಗಿನ ಕಾಕಂಬಿ ತುಂಬಿ, ಚೌಕಟ್ಟಿನ ನಡುವೆ ನೇತುಹಾಕಿ, ಅದರಿಂದ ಒಂದೊಂದು ಸ್ಕೋನಿಗೂ ರಬ್ಬರ್ ಕೊಳವೆ ಎಳೆದ. ಹಿತ್ತಾಳೆ ಬೋಗುಣಿಗೆ ನೀರು ತುಂಬಿ ಸೇಬು ತೇಲಿಬಿಟ್ಟ. ಉಳಿದ ಪಾತ್ರೆಗಳಿಗೆ ಕಡಲೆಕಾಯಿ ಸುರಿದ. ಟರ್ನಿಪ್ ಗಡ್ಡೆ ಕೊರೆದು ದೀಪ ಮಾಡಿ ಬಾಗಿಲಲ್ಲಿಟ್ಟ. ಮಕ್ಕಳಿಗೆ ಆರು ಗಂಟೆಗೆ ಬನ್ನಿ ಎಂದು ಮೀನಂಗಡಿಯ ಗೋಡೆಗೆ ಚೀಟಿ ಅಂಟಿಸಿದ್ದವನು ತಾನು ಮಾತ್ರ ನಾಲ್ಕರಿಂದಲೇ ಕಿಟಕಿಗೆ ಅಂಟಿಕೊಂಡ.

ಐದೂವರೆಯಾಯಿತು. ಬೀದಿಯಲ್ಲಿ ಒಂದು ನಾಯಿ ಹೋಯಿತು. ಆರಾಯಿತು. ಡೂಗಲ್ ಎಫಿಯ ಕುರ್ಚಿಯನ್ನು ಸರಿಪಡಿಸಿದ, ಮತ್ತೆ ಮೊದಲಿದ್ದ ಹಾಗೇ ಇಟ್ಟ. ಆಗ ಬಾಗಿಲು ತಟ್ಟಿದ ಸದ್ದಾಯಿತು. ಆ ಸದ್ದು ಕೇಳಿ ಎಷ್ಟು ಕಾಲವಾಗಿತ್ತೆಂದರೆ ಅವನು ಎದ್ದೆನೋ ಬಿದ್ದೆನೋ ಎಂದು ಓಡಿದ.

ಬಾಗಿಲ ಹೊರಗೆ ದೆವ್ವ, ಮಾಟಗಾತಿ, ಕಡಲ್ಗಳ್ಳ, ಎಲುಬಿನ ಗೂಡು, ಮುಂದುಗಡೆ ಮೊಣಕಾಲೆತ್ತರದ ಒಂದು ಬಾವಲಿ. ಡೂಗಲ್ ಹಡಗಿನ ಹಾಜರಿಯ ಗತ್ತಿನಲ್ಲಿ ಕೇಳಿದ: "ಒಬ್ಬೊಬ್ಬರಾಗಿ ಹೇಳಿ. ಹೆಸರು? ವಯಸ್ಸು?"

ಎಲ್ಲರಿಗಿಂತ ಉದ್ದನೆಯ ಎಲುಬಿನ ಗೂಡು ಅವನ ಕಿವಿಯ ಬಳಿ ಬಗ್ಗಿ, "ತಾತ, ನಾವು ಹೇಳ್ಬಾರ್ದು. ನೀವು ಗುರುತು ಹಿಡೀಬೇಕು. ಹಿಡಿದ್ರೆ ನಾವು ಮುಖವಾಡ ತೆಗೀತೀವಿ. ಅದೇ ನಿಯಮ," ಎಂದಿತು.

ಡೂಗಲ್ ಒಂದೊಂದೇ ಮುಖವಾಡ ನೋಡಿದ. ಫೋನಿನಲ್ಲಿ ಎಫಿ ಈ ಮಕ್ಕಳ ಸುದ್ದಿಯನ್ನೆಲ್ಲ ಹೇಳುತ್ತಿದ್ದಳು, ಯಾರಿಗೆ ಹಲ್ಲು ಬಿತ್ತು, ಯಾರು ಸೈಕಲ್ಲಿನಿಂದ ಬಿದ್ದರು ಎಂದು. ಅವನು ಹ್ಞೂಂ ಹ್ಞೂಂ ಎನ್ನುತ್ತಿದ್ದ. ಈಗ ಒಂದು ಹೆಸರೂ ನೆನಪಿಗೆ ಬರಲಿಲ್ಲ. ಗತ್ಯಂತರವಿಲ್ಲದೆ ಕಡಲ್ಗಳ್ಳನಿಗೆ ತನ್ನ ಹಡಗಿನ ಅಡುಗೆಯವನ ಹೆಸರಿಟ್ಟ: "ನೀನು… ಆಂಗಸ್?"

"ನಾನು ಹುಡುಗಿ," ಎಂದಿತು ಕಡಲ್ಗಳ್ಳ.

"ಎಫಿ ಅಜ್ಜಿ ಬೂಟು ನೋಡೇ ಹೇಳ್ಬಿಡ್ತಿದ್ರು," ಎಂದಿತು ಮಾಟಗಾತಿ. ಹಂಗಿಸಿದ್ದಲ್ಲ, ಇದ್ದದ್ದು ಹೇಳಿದ್ದು. ಡೂಗಲ್‌ಗೆ ಅದೇ ಹೆಚ್ಚು ನೋವಾಯಿತು.

"ಬನ್ನಿ ಒಳಗೆ," ಎಂದ. "ಯಂತ್ರ ನೋಡಿದ್ರೆ ಇದೆಲ್ಲ ಮರೆತುಬಿಡ್ತೀರಿ."

ಮರೆತರು ಕೂಡ! ಡೂಗಲ್ ಎರಡೂ ಹಗ್ಗ ಹಿಡಿದು ಸಾರಥಿಯಂತೆ ನಿಂತ. ಬಲಗೈ ಎಳೆದರೆ ದೊಡ್ಡವರ ಸ್ಕೋನು ಮೇಲೆ, ಎಡಗೈ ಬಿಟ್ಟರೆ ಚಿಕ್ಕವರದು ಕೆಳಗೆ. ಕೊಳವೆಗಳಲ್ಲಿ ಕಾಕಂಬಿ ತೊಟ್ಟಿಕ್ಕಿತು. ಮಕ್ಕಳು ಕೂಗಿದರು, ನೆಕ್ಕಿದರು, ಸೇಬಿಗೆ ಫೋರ್ಕು ಬೀಳಿಸಿದರು, ನಕ್ಕರು. ಆ ಅಡುಗೆಮನೆಯಲ್ಲಿ ಏಳು ತಿಂಗಳಲ್ಲಿ ಆಗದ ಸದ್ದು ಒಂದೇ ಸಲಕ್ಕೆ ಆಯಿತು. ಎಫಿ ನೋಡಬೇಕಿತ್ತು ಎಂದುಕೊಂಡ ಡೂಗಲ್, ಬಾವಲಿಗೆ ಎಟುಕಲೆಂದು ಎಡ ತುದಿಯನ್ನು ಇನ್ನಷ್ಟು ಇಳಿಸಿದ. ಅದರ ಜೊತೆ ನಡುವಿನ ನೀಲಿ ಪಾತ್ರೆಯೂ ಕೆಳಗೆ ಬಂತು.

ಬಾವಲಿ ಸ್ಕೋನು ಬಿಟ್ಟು ಪಾತ್ರೆಯನ್ನೇ ನೋಡಿತು. ನಿಯಮ ಗಿಯಮ ಎಲ್ಲ ಮರೆತು, "ಇದು ನಮ್ಮಜ್ಜಿ ಪಾತ್ರೆ!" ಎಂದು ಕೈಗೆ ಸಿಕ್ಕ ಕೊಳವೆಯನ್ನು ಜಗ್ಗಿತು.

ಪಾತ್ರೆ ವಾಲಿತು. ಅದು ಮಗುವಿನ ಮೇಲೆ ಬಿದ್ದೀತೆಂದು ಡೂಗಲ್ ಎರಡೂ ಹಗ್ಗ ಬಿಟ್ಟು ಮುಂದಕ್ಕೆ ಹಾರಿದ. ಗಣಪತಿ ಮಾಡಲು ಹೋಗಿ ಅವರಪ್ಪನನ್ನು ಮಾಡಿದ ಕಥೆಯಾಯಿತು. ನೀಲಿ ಪಾತ್ರೆ ಕಿರೀಟದಂತೆ ಅವನ ತಲೆಯ ಮೇಲೆ ಬೋರಲಾಯಿತು. ಚೌಕಟ್ಟಿನ ಒಂದು ತುದಿ ಹಿಟ್ಟಿನ ಗುಡ್ಡಕ್ಕೆ ಬಡಿದು ಬಿಳಿಯ ಮೋಡವೆದ್ದಿತು, ಇನ್ನೊಂದು ತುದಿ ಬೋಗುಣಿಯನ್ನು ಒಂದು ಮಗ್ಗುಲಿಗೆ ವಾಲಿಸಿ ಅಡುಗೆಮನೆಯನ್ನು ಬಂದರು ಮಾಡಿತು. ಮಕ್ಕಳ ಮೇಲೆ ಒಂದು ತೊಟ್ಟೂ ಬೀಳಲಿಲ್ಲ. ಕಾಕಂಬಿಯೆಲ್ಲ ಡೂಗಲ್‌ಗೆ, ಅದರ ಮೇಲೆ ಹಿಟ್ಟು.

ಹಿಟ್ಟಿನ ಮೋಡ ಇಳಿಯಿತು. ಆಮೇಲೆ ಕಡಲ್ಗಳ್ಳಿ ಕೇಳಿದಳು, "ತಾತ, ಇನ್ನೊಂದ್ಸಲ ಮಾಡ್ತೀರಾ?"

ಮಾಡಲು ಕಾಕಂಬಿ ಉಳಿದಿರಲಿಲ್ಲ. ಅಷ್ಟರಲ್ಲಿ ಬಾವಲಿ ತೋರಿದ ದಾರಿಯಲ್ಲಿ ಎಲ್ಲರೂ ಪಾತ್ರೆ ಹುಡುಕತೊಡಗಿದ್ದರು. "ಈ ಕೆಂಪು ಮುಚ್ಚಳ ನಮ್ಮನೇದು." "ಇದು ನಮ್ಮತ್ತೇದು, ಅಮ್ಮ ದಿನಾ ಬೈತಿರ್ತಾಳೆ." ಕಡಲೆಕಾಯಿ ಸಮೇತ ಪಾತ್ರೆಗಳು ಹಲಗೆಯಿಂದ ಇಳಿದವು.

"ಬರ್ತೀವಿ ತಾತ, ಮಿಕ್ಕ ಮನೆಗಳಿಗೂ ಹೋಗ್ಬೇಕು," ಎಂದಿತು ಎಲುಬಿನ ಗೂಡು. ಹೊರಡುವಾಗ ನೆಲದ ಮೇಲಿನ ಹಿತ್ತಾಳೆ ಬೋಗುಣಿಯನ್ನು ತೋರಿಸಿ, "ಅದು ಇಸೊಬೆಲ್ ಅಜ್ಜೀದು," ಎಂದು ಹೇಳಿಹೋಯಿತು.

ಬಾಗಿಲು ಮುಚ್ಚಿತು. ಕಾಕಂಬಿ ತೊಟ್ಟಿಕ್ಕುವುದು ಕೇಳಿಸುವಷ್ಟು ಮನೆ ಖಾಲಿಯಾಯಿತು. ಡೂಗಲ್ ಬರಿದಾದ ಹಲಗೆಯನ್ನು ನೋಡಿದ. ಆ ಪಾತ್ರೆಗಳು ಇದ್ದಷ್ಟು ದಿನ ಯಾರಾದರೂ ಬಂದಾರೆಂಬ ಆಸೆಯಿತ್ತು. ಈಗ ಈ ಮನೆಯ ಬಾಗಿಲು ತಟ್ಟಲು ಊರಿನಲ್ಲಿ ಯಾರಿಗೂ ಕಾರಣವೇ ಉಳಿದಿರಲಿಲ್ಲ. ಅವನಿಗೆ ಅಲ್ಲೇ ನೀರಿನಲ್ಲಿ ಕೂತುಬಿಡೋಣ ಅನ್ನಿಸಿತು. ಉಳಿದದ್ದು ಇದೊಂದು ಬೋಗುಣಿ, ಇದನ್ನೂ ಕೊಟ್ಟು ಮುಗಿಸೋಣ ಎಂದು ಎತ್ತಿಕೊಂಡು ಹೊರಟ.

ಬಾಗಿಲು ತೆಗೆದ ಇಸೊಬೆಲ್ ಎರಡು ಹೆಜ್ಜೆ ಹಿಂದೆ ಸರಿದಳು. ಎದುರಿಗೆ ಕಪ್ಪು ಮೈ, ಬಿಳಿ ತಲೆ, ಕಿವಿಯಿಂದ ಇಳಿಬಿದ್ದ ರಬ್ಬರ್ ಕೊಳವೆ. ಕೈಯಲ್ಲಿನ ಬೋಗುಣಿಯೂ ಗುರುತು ಸಿಗದಷ್ಟು ಹಿಟ್ಟು ಕಾಕಂಬಿ ಮೆತ್ತಿಕೊಂಡಿತ್ತು.

"ಅಯ್ಯೋ ದೇವರೇ, ಈ ಗಾತ್ರದವರೂ ವೇಷ ಹಾಕ್ಕೊಂಡು ಹೊರಟ್ರಾ? ತಾಳು, ಮಾತಾಡ್ಬೇಡ, ನಾನೇ ಹೇಳ್ತೀನಿ. ಮೀನಂಗಡಿ ಟೆರೆನ್ಸಾ?"

ನಾನು ಡೂಗಲ್ ಎನ್ನಬಹುದಿತ್ತು. ಆದರೆ ಅವಳು ಅವನ ಸುತ್ತ ಸುತ್ತುತ್ತ, ನಗುತ್ತ ಮಾತಾಡುತ್ತಿದ್ದಳು. ಇಷ್ಟು ಮಾತು ಅವನ ಪಾಲಿಗೆ ಬಂದು ಎಷ್ಟೋ ಕಾಲವಾಗಿತ್ತು. ಡೂಗಲ್ ಅಲ್ಲವೆಂದು ತಲೆಯಾಡಿಸಿದ.

"ಚರ್ಚಿನ ಗಂಟೆ ಹೊಡೆಯೋನಾ? ಅಲ್ವಾ? ಬ್ರೆಡ್ಡಿನ ಗಾಡಿಯವನಾ? ದೋಣಿ ರಿಪೇರಿ ಲಾಕ್ಲನ್?"

ಊರಿನ ಗಂಡಸರೆಲ್ಲ ಮುಗಿದರು, ಅವನ ಹೆಸರು ಬರಲೇ ಇಲ್ಲ.

"ಸೋತೆ ಕಣೋ," ಎಂದಳು ಇಸೊಬೆಲ್. "ಆದ್ರೆ ಒಂದು ಹಾಡು ಹೇಳದೆ ಕಡಲೆಕಾಯಿ ಸಿಗಲ್ಲ. ನಿಯಮ ಅಂದ್ರೆ ನಿಯಮ."

ಡೂಗಲ್‌ಗೆ ಬರುತ್ತಿದ್ದುದು ಒಂದೇ ಹಾಡು, ಎಫಿ ಪಾತ್ರೆ ತೊಳೆಯುವಾಗ ಗುನುಗುತ್ತಿದ್ದದ್ದು. ಅದೂ ಮೊದಲ ಚರಣವಷ್ಟೇ. ಎರಡನೆಯದು ಕಲಿಯುವ ಹೊತ್ತಿಗೆ ಪ್ರತಿ ಸಲವೂ ಹಡಗು ಹೊರಡುತ್ತಿತ್ತು. ಕಣ್ಣು ಮುಚ್ಚಿ ಹಾಡಿದ. ಬೀದಿಯಾಚೆ ನಾಯಿಯೊಂದು ಬೊಗಳಿತು.

ಇಸೊಬೆಲ್‌ಳ ನಗು ನಿಂತಿತು. "ಡೂಗಲ್ ಪಿರಿ," ಎಂದಳು ಮೆಲ್ಲಗೆ.

"ಹೇಗೆ ಗೊತ್ತಾಯ್ತು?"

"ಎಫಿ ಹೇಳಿದ್ಲು. ನನ್ನ ಗಂಡ ಬಚ್ಚಲಲ್ಲಿ ಈ ಹಾಡು ಶುರು ಮಾಡಿದ್ರೆ ಕಡಲಹಕ್ಕಿಗಳು ಊರು ಬಿಡ್ತವೆ, ಆದ್ರೂ ನಾನು ಬಾಗಿಲ ಹೊರಗೆ ನಿಂತು ಮುಗಿಯೋ ತನಕ ಕೇಳ್ತೀನಿ ಅಂತ."

ಡೂಗಲ್ ಅತ್ತುಬಿಟ್ಟ. ಬೋಗುಣಿ ಹಿಡಿದ ಕೈಯಲ್ಲಿ ಕಣ್ಣೊರೆಸಿಕೊಳ್ಳಲಾಗದೆ ಹಾಗೇ ನಿಂತ. ಕೊನೆಗೆ ಅದನ್ನು ಮುಂದಕ್ಕೆ ಚಾಚಿದ. "ಇದು ನಿನ್ನದಂತೆ. ಕೇಳ್ಬಹುದಿತ್ತಲ್ಲ?"

"ಕೇಳೋಣ ಅಂತಲೇ ಎಷ್ಟೋ ಸಲ ನಿನ್ನ ಬಾಗಿಲ ತನಕ ಬಂದೆ. ತಟ್ಟಿದ್ರೆ ತೆಗೆಯೋಳು ಎಫಿ ಅಲ್ವಲ್ಲ ಅನ್ಸಿ ವಾಪಸ್ ಹೋದೆ." ಇಸೊಬೆಲ್ ಬೋಗುಣಿಯೊಳಗೆ ಇಣುಕಿದಳು. ತಳದಲ್ಲಿ ಫೋರ್ಕು ಚುಚ್ಚಿದ ಒಂದೇ ಒಂದು ಸೇಬು ಉಳಿದಿತ್ತು. "ಸದ್ಯ, ಬರೀ ಪಾತ್ರೆ ಕೊಡ್ಲಿಲ್ಲ. ಬಾ ಒಳಗೆ. ಬೇಡ, ಅಲ್ಲೇ ನಿಲ್ಲು, ಮೊದಲು ಬಿಸಿನೀರು ತರ್ತೀನಿ."

ಎರಡು ಹೆಜ್ಜೆ ಹೋದವಳು ತಿರುಗಿದಳು. "ಮುಂದಿನ ವರ್ಷ ಪಾರ್ಟಿ ನಾವಿಬ್ರೂ ಸೇರಿ ಮಾಡೋಣ. ಆದ್ರೆ ನೀನು ಹಾಡ್ಕೂಡ್ದು."

"ಹಾಡದಿದ್ರೆ ಕಡಲೆಕಾಯಿ ಇಲ್ಲ, ನಿಯಮ ಅಂದ್ಯಲ್ಲ?"

"ನಿನಗೆ ಬೇರೆ ನಿಯಮ," ಎಂದಳು ಇಸೊಬೆಲ್. "ಹಾಡದಿದ್ರೆ ಎರಡು ಹಿಡಿ."