ಒಂಟಿ ಗಾಲಿಯ ಮೇಲೆ ಚರಗ

ಸೀಗೆ ಹುಣ್ಣಿಮೆಯ ಚರಗವನ್ನು ಈ ಸಲ ಒಂಟಿ ಗಾಲಿಯ ಮೇಲೆ ನಿಂತೇ ಚೆಲ್ಲುತ್ತೇನೆ ಎಂದು ನಾನು ಘೋಷಿಸಿದಾಗ ನನ್ನ ಹೆಂಡತಿ ನಾಗರತ್ನಾ ಮೆಂತ್ಯದ ಸೊಪ್ಪು ಬಿಡಿಸುತ್ತಿದ್ದಳು. ತಲೆ ಎತ್ತಲಿಲ್ಲ. ಇತಿಹಾಸ ನಿರ್ಮಾಣವಾಗುವಾಗ ಹೆಂಡತಿಯರು ಸೊಪ್ಪು ಬಿಡಿಸುತ್ತಲೇ ಇರುತ್ತಾರೆ!

ನನ್ನ ಹಟಕ್ಕೆ ಕಾರಣವಿತ್ತು. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದು ಫ್ಯಾನು, ಮಿಕ್ಸಿಗಳ ಅಂಗಡಿ. ಉಪ್ಪಿನಬೆಟಗೇರಿಯಲ್ಲಿ ಮಾವ ಶಾಂತಯ್ಯನವರದು ಎಂಟು ಎಕರೆ ಕರಿಮಣ್ಣಿನ ಎರೆಹೊಲ. ಕಡಬು, ಪಲ್ಯ, ಅನ್ನ ಕಲಸಿ, ಭೂಮಿತಾಯಿ ಉಣ್ಣಲಿ ಎಂದು ಹೊಲದ ಸುತ್ತ ಚೆಲ್ಲುವ ಚರಗದ ಬುಟ್ಟಿಯನ್ನು ಮದುವೆಯಾಗಿ ಹದಿನಾಲ್ಕು ವರ್ಷವಾದರೂ ಅವರು ನನ್ನ ಕೈಗೆ ಕೊಟ್ಟಿರಲಿಲ್ಲ. ಆ ಗೌರವ ಅವರ ಮಗ ಉಳವಪ್ಪನದು. ಅಳಿಯಂದಿರು ಪಾಪ, ಫ್ಯಾನಿನ ಕೆಳಗೆ ಕುಳಿತವರು, ನೆರಳಲ್ಲೇ ಇರಲಿ ಎನ್ನುತ್ತಿದ್ದರು. ಈ ಮಾತು ನನ್ನನ್ನು ಚುಚ್ಚುತ್ತಿತ್ತು.

ನನ್ನ ಗಾಲಿಗೆ ಸೀಟಿಲ್ಲ, ಹ್ಯಾಂಡಲ್ ಇಲ್ಲ. ಎರಡು ಕಾಲುಗಳ ನಡುವೆ ಒಂದೇ ಚಕ್ರ, ಒಳಗೆ ಬ್ಯಾಟರಿ. ಮುಂದೆ ಬಾಗಿದರೆ ಓಡುತ್ತದೆ, ಹಿಂದೆ ಬಾಗಿದರೆ ನಿಲ್ಲುತ್ತದೆ. ಅದರ ಮೇಲೆ ನಿಂತು ಹೊರಟರೆ ಹುಬ್ಬಳ್ಳಿಯ ಆಟೋದವರೇ ದಾರಿ ಬಿಡುತ್ತಿದ್ದರು. ಭಕ್ತಿಯಿಂದಲೋ ಭಯದಿಂದಲೋ, ನಾನು ಕೇಳಲು ಹೋಗಿಲ್ಲ.

ಹೊಲಕ್ಕೆ ತಕ್ಕಂತೆ ತಯಾರಾಗಲಿ ಎಂದು ಮೆಕ್ಯಾನಿಕ್ ಮುಜಾಫರನ ಬಳಿ ಒಯ್ದು, ದಪ್ಪ ಹಲ್ಲಿನ ಟೈರ್ ಹಾಕಿಸಿದೆ. ಟೈರಿಗೂ ಮೇಲಿನ ಕವಚಕ್ಕೂ ನಡುವೆ ಬೆರಳು ತೂರುವಷ್ಟೂ ಸಂದಿ ಉಳಿಯಲಿಲ್ಲ.

"ಯಾವ ಮಣ್ಣಿನ್ಯಾಗ ಓಡಸ್ತೀರಿ ಸಾಹೇಬ್ರ?" ಎಂದ ಮುಜಾಫರ.

ಫೋನಿನಲ್ಲಿ ಪರದೇಶದ ವಿಡಿಯೋ ತೋರಿಸಿ ಅವನ ಬಾಯಿ ಮುಚ್ಚಿಸಿದೆ. ಅದರಲ್ಲಿ ಮರಳಿತ್ತು, ಕಲ್ಲಿತ್ತು. ಎರೆಮಣ್ಣು ಇರಲಿಲ್ಲ ಎಂಬುದು ಹೊಳೆಯುವ ಹೊತ್ತಿಗೆ ನಾನು ಅದರಲ್ಲೇ ಇದ್ದೆ.

ಹುಣ್ಣಿಮೆಯ ಹಿಂದಿನ ದಿನ ಮಳೆ ಸುರಿಯಿತು.

"ಮಳಿ ಆದ ಮರುದಿನ ಅಪ್ಪಾರು ಟ್ರ್ಯಾಕ್ಟರ್ ಸೈತ ಹೊಲಕ್ಕ ಇಳಸೂದಿಲ್ರಿ" ಎಂದಳು ನಾಗರತ್ನಾ.

"ಟ್ರ್ಯಾಕ್ಟರಿಗೆ ನಾಕು ಗಾಲಿ, ನಾಕೂ ಕಡೆ ಹುಗಿತಾವು. ನಂದು ಒಂದ ಐತಿ!"

ಅವಳು ಚೀಲಕ್ಕೆ ನನ್ನ ಎರಡು ಜೊತೆ ಬಟ್ಟೆ ಹೆಚ್ಚಿಗೆ ತುಂಬಿದಳು.

ಹೊಲದಲ್ಲಿ ನಾನು ಗಾಲಿ ಇಳಿಸಿದ್ದನ್ನು ಕಂಡು ಮಾವನವರು ಏನೆಂದುಕೊಂಡರೋ, ಬುಟ್ಟಿಯನ್ನು ತಾವೇ ನನ್ನ ಕೈಗಿತ್ತರು. ಖರೆ ಹೇಳುತ್ತೇನೆ, ನನ್ನ ಕಣ್ಣು ತುಂಬಿ ಬಂತು. ಹದಿನಾಲ್ಕು ವರ್ಷ! ಎಡಗೈಯಲ್ಲಿ ಬುಟ್ಟಿ ಅವುಚಿಕೊಂಡು, ಬಲಗೈಯಿಂದ ಚೆಲ್ಲುತ್ತಾ ಬದುವಿನ ಮೇಲೆ ಹೊರಟೆ. ಮೊದಲ ಇಪ್ಪತ್ತು ಮಾರು ವೈಭವವೋ ವೈಭವ! ಉಳವಪ್ಪ ಬಾಯಿ ತೆರೆದವನು ಮುಚ್ಚಲಿಲ್ಲ.

ಇಪ್ಪತ್ತೊಂದನೆಯ ಮಾರಿಗೆ ಟೈರು ಮಣ್ಣು ತಿನ್ನತೊಡಗಿತು. ಹಲ್ಲು ಕಟ್ಟಿಸಿದವನು ನಾನೇ, ತಿನ್ನಬೇಡ ಎಂದರೆ ಕೇಳೀತೇ! ಜಿಗುಟು ಎರೆಮಣ್ಣು ಹಲ್ಲಿಗೆ ಮೆತ್ತಿ, ಕವಚದೊಳಗೆ ಗಿಡಿದು ತುಂಬಿ, ಗಾಲಿ ಗಪ್ಪನೆ ನಿಂತಿತು. ನಾನು ನಿಲ್ಲಲಿಲ್ಲ.

ನಾನು, ಬುಟ್ಟಿ, ಕಡಬು, ಪುಂಡಿಪಲ್ಯ ಎಲ್ಲವೂ ಒಟ್ಟಿಗೆ ಎಳೆಯ ಜೋಳದ ಸಾಲಿನಲ್ಲಿ ಹೋಗಿ ಬಿದ್ದೆವು. ಮಾವನವರು ನಿಧಾನವಾಗಿ ಬಂದು ನನ್ನನ್ನು ಎಬ್ಬಿಸಿ, ಕಿವಿಯಲ್ಲಿದ್ದ ಪಲ್ಯ ಒರೆಸಿದರು.

"ಇಷ್ಟ ವರ್ಷ ಕಡಬು ಚೆಲ್ತಿದ್ವಿ. ಈ ವರ್ಷ ಅಳಿಯನ್ನ ಚೆಲ್ಲಿದ್ವಿ."

ಉಳಿದ ಸುತ್ತನ್ನು ಉಳವಪ್ಪ ಬರಿಗಾಲಲ್ಲಿ ಮುಗಿಸಿದ. ನಾನು ಅದೇ ಹಳೆಯ ನೆರಳಿನಲ್ಲಿ ಕುಳಿತು ಕಡ್ಡಿಯಿಂದ ಗಾಲಿಯ ಹಲ್ಲು ಉಜ್ಜಿದೆ.

ಎಳ್ಳಮಾವಾಸ್ಯೆ ಹತ್ತಿರ ಬಂತು. ಅಂದೂ ಚರಗವಿದೆ, ಹೋಗುವುದೇ ಬೇಡ ಎಂದು ತೀರ್ಮಾನಿಸಿದ್ದೆ. ಅಷ್ಟರಲ್ಲಿ ಮಾವನವರದೇ ಫೋನು. ಈವರೆಗೆ ಮಗಳಿಗೆ ಮಾಡುತ್ತಿದ್ದವರು ನೇರ ನನಗೇ ಮಾಡಿದ್ದರು!

"ಅಳ್ಯಾರ, ಈ ಸಲಾನೂ ಬುಟ್ಟಿ ನಿಮಗ. ಗಾಲಿ ಮರೀದ ತರ್ರಿ. ನೀವು ಬಿದ್ದ ಜಾಗಾದಾಗ ಜ್ವಾಳ ಗೇಣುದ್ದ ಹೆಚ್ಚಿಗಿ ಎದ್ದೈತಿ."

ನಾನು ಹಿಗ್ಗಿ ಹೀರೇಕಾಯಿಯಾಗಿ "ಆತ್ರಿ ಮಾವಾರ" ಎಂದೆ.

"ಛಲೋ ಆತು. ಈ ಸಲ ಮಾತ್ರ ಮೂಡಣ ಬದುವಿನ ಕಡೆ ಬೀಳ್ರಿ. ಅಲ್ಲಿ ಬೆಳಿ ಸೊರಗೈತಿ."