ಮೇಣಮುಕ್ತ ಹಲಸಿನ ಪ್ರಥಮ ಪ್ರಯೋಗ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಈ ಮೂರೂ ತಾಲೂಕುಗಳ ಪ್ರಗತಿಗೆ ಅಡ್ಡಿಯಾಗಿರುವುದು ಹಲಸಿನ ಮೇಣ ಎಂಬುದನ್ನು ಮಲೆನಾಡು ಹಲಸು ಸುಧಾರಣಾ ಮಂಡಳಿಯು ೨೦೦೬ರಲ್ಲಿ ಸರ್ವಾನುಮತದಿಂದ ಕಂಡುಹಿಡಿಯಿತು. ರಸ್ತೆ, ಬಸ್ಸು, ಕರೆಂಟು ಮುಂತಾದವು ಆನಂತರದ ಅಡ್ಡಿಗಳೆಂದು ಸಭೆಯ ನಡಾವಳಿಯಲ್ಲಿದೆ. ಮಂಡಳಿಯ ಟೈಪಿಸ್ಟ್ ನಾನೇ, ಆದ್ದರಿಂದ ಗೊತ್ತು.

ಪರಿಹಾರವೂ ಅದೇ ಸಭೆಯಲ್ಲಿ, ಗೋಡಂಬಿ ತಟ್ಟೆ ಖಾಲಿಯಾಗುವುದರೊಳಗೆ ಸಿಕ್ಕಿತು. ಮಣ್ಣಿನಲ್ಲಿ ಒಂದು ಬ್ಯಾಕ್ಟೀರಿಯಾ ಉಂಟಂತೆ. ಗಿಡಕ್ಕೆ ಎಲ್ಲಾದರೂ ಗಾಯವಾದರೆ ಸಾಕು, ಒಳಗೆ ನುಗ್ಗಿ ತನ್ನ ಜೀನನ್ನು ಗಿಡದ ಜೀನುಗಳ ಮಧ್ಯೆ ತೂರಿಸಿಬಿಡುವ ಚಾಳಿ ಅದಕ್ಕೆ. ವಿಜ್ಞಾನಿಗಳು ಅದರ ಬೆನ್ನಿಗೆ ಮೇಣ ನಿಲ್ಲಿಸುವ ಜೀನನ್ನು ಹೊರಿಸಿ ಕಳಿಸುತ್ತಾರೆ. “ಸಂದಿ ಸಿಕ್ಕಲ್ಲಿ ನುಗ್ಗಿ ತನ್ನವರನ್ನು ಸೇರಿಸುವುದು ಒಳ್ಳೆಯ ಆಡಳಿತ ಪದ್ಧತಿ,” ಎಂದು ಮೆಚ್ಚಿ ನಿರ್ದೇಶಕ ಶಿವಶಂಕರಪ್ಪನವರು ಒಪ್ಪಿಗೆ ಕೊಟ್ಟರು. ಅವರ ಭಾವಮೈದುನ ಆಗ ಮಂಡಳಿಯ ಸರಬರಾಜು ಅಧಿಕಾರಿಯಾಗಿದ್ದರು.

ಪ್ರಯೋಗಕ್ಕೆ ಸಿರಿಮನೆಯ ಗಂಗಾಂಬಿಕೆಯವರ ಬಕ್ಕೆ ಹಲಸಿನ ಮರ ಆಯ್ಕೆಯಾಯಿತು. ಮಂಡಳಿಯ ಜೀಪು ಅದಕ್ಕಿಂತ ಮುಂದೆ ಹೋಗುತ್ತಿರಲಿಲ್ಲ. ಗಂಡ ತೀರಿಕೊಂಡ ಮೇಲೆ ಆ ಒಂದು ಮರದ ಹಪ್ಪಳವೇ ಆಕೆಯ ಅನ್ನ. ಶಿವಶಂಕರಪ್ಪನವರು ಅಂಗಳದಲ್ಲಿ ನಿಂತು ನಿಯಮ ಓದಿದರು: “ಪ್ರಯೋಗ ವಿಫಲವಾದಲ್ಲಿ, ಹೊರಗಿನ ಜೀನು ಊರಿಗೆ ಹರಡದಂತೆ ಮರವನ್ನು ಬೇರುಸಮೇತ ಕಿತ್ತು ಸುಡತಕ್ಕದ್ದು. ಬೂದಿಯನ್ನು ಮಾಲೀಕರು ಉಚಿತವಾಗಿ ಪಡೆಯಬಹುದು.”

“ಎಂತ? ನನ್ನ ಮರ ಸುಡೂದಾ?” ಎಂದರು ಗಂಗಾಂಬಿಕೆ.

“ವಿಫಲ ಆದ್ರೆ ಮಾತ್ರ ಅಮ್ಮಾ. ಮೇಣ ಹೋದ್ರೆ ಮರ ನಿಮ್ದೇ.”

“ಈಗ್ಲೂ ನಂದೇ ಅಲ್ದಾ?”

“ಅದು ಪ್ರಯೋಗಕ್ಕೆ ಮೊದಲು.”

ಬ್ಯಾಕ್ಟೀರಿಯಾವನ್ನು ಮಂಡಳಿಯ ಸಹಾಯಕ ಸುದರ್ಶನ ಒಂದು ಸ್ಟೀಲ್ ಡಬ್ಬಿಯಲ್ಲಿ, ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ತಂದ. “ತಂಪಲ್ಲಿ ಇಟ್ಟಿರಿ ಗಂಗಕ್ಕಾ, ನಾಳೆ ಬೇಕು,” ಎಂದು ಆಕೆಯ ಕೈಗೆ ಕೊಟ್ಟು, ಸಾಹೇಬರಿಗೆ ಫೋನು ಮಾಡಲು ಪಕ್ಕದೂರು ಕಿಗ್ಗಕ್ಕೆ ಹೋದ. ಗಂಗಾಂಬಿಕೆ ಮುಚ್ಚಳ ತೆಗೆದು ನೋಡಿದರು. ಬೆಳ್ಳಗೆ, ಸ್ವಲ್ಪ ಹುಳಿ ವಾಸನೆ. ನಮ್ಮ ಕಡೆ ಸಣ್ಣ ಡಬ್ಬಿಯಲ್ಲಿ ಅಷ್ಟು ಜೋಪಾನವಾಗಿ ಬರುವ ಬಿಳಿ ಪದಾರ್ಥ ಒಂದೇ, ಮೊಸರಿನ ಹೆಪ್ಪು. ಒಂಟಿ ಹುಡುಗ, ಪಾಪ, ಎಲ್ಲಿಂದಲೋ ಕೇಳಿ ತಂದಿದ್ದಾನೆ, ಮೊಸರು ಮಾಡಿಕೊಡೋಣ ಎಂದು ಅದನ್ನು ಹಾಲಿಗೆ ಹಾಕಿದರು. ಬೆಳಗ್ಗೆ ನೋಡಿದರೆ ಹಾಲು ಹಾಲಾಗಿಯೇ ಇತ್ತು. “ಥೂ, ಸತ್ತ ಹೆಪ್ಪು!” ಎಂದು ಎಮ್ಮೆಗೆ ಸುರಿದರು. ಎಮ್ಮೆ ಕುಡಿದು ಸುಮ್ಮನಾಯಿತು.

ಬಂದ ಪಾತ್ರೆಯನ್ನು ಖಾಲಿ ಕಳಿಸುವುದು ನಮ್ಮಲ್ಲಿಲ್ಲ. ಆದ್ದರಿಂದ ಗಂಗಾಂಬಿಕೆ ಡಬ್ಬಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ತೊಳೆದು, ಮನೆಯ ಒಗ್ಗರಣೆ ಮಜ್ಜಿಗೆ ತುಂಬಿ, ಇದ್ದಲ್ಲೇ ಇಟ್ಟರು.

ಮಧ್ಯಾಹ್ನ ಚಪ್ಪಾಳೆಗಳ ನಡುವೆ ಹಲಸಿನ ಚಿಗುರುಗಳಿಗೆ ಸೂಜಿ ಚುಚ್ಚಿ ಡಬ್ಬಿಯಲ್ಲಿದ್ದ ದ್ರಾವಣ ಹಚ್ಚಲಾಯಿತು. ಅದರಲ್ಲಿ ಕಂಡುಬಂದ ಕರಿಬೇವಿನ ಎಲೆಯನ್ನು ಸಾಹೇಬರ ಸೂಚನೆಯಂತೆ ‘ಪೂರಕ ಸಸ್ಯಭಾಗ’ ಎಂದು ಟೈಪ್ ಮಾಡಿದೆ. ಜೀಪು ಹೋದ ಮೇಲೆ ಗಂಗಾಂಬಿಕೆ, “ಅದೆಂತಕ್ಕೆ ಮಾರಾಯ ನಮ್ಮನೆ ಮಜ್ಜಿಗೆ ಮರಕ್ಕೆ ಬಳಿದ್ರಿ?” ಎಂದು ಕೇಳಿದರು. ಸುದರ್ಶನ ಎರಡೂ ಕೈ ಮುಗಿದ.

“ಬಾಯಿ ಬಿಡಬೇಡಿ ಗಂಗಕ್ಕಾ! ಗೊತ್ತಾದ್ರೆ ಪ್ರಯೋಗ ವಿಫಲ ಅಂತ ನಾಳೆಯೇ ಮರ ಸುಡ್ತಾರೆ.”

“ಬಿಡ್ದಿದ್ರೆ?”

“ಕಾಯಿ ಬಿಟ್ಟ ಮೇಲೆ ಸುಡ್ತಾರೆ.”

ಆ ವರ್ಷವಿಡೀ ಆಕೆಗೆ ಹಪ್ಪಳ ಒತ್ತುವಾಗಲೂ ಹೆದರಿಕೆ. ಮರಕ್ಕೆ ಏನೂ ಅನ್ನಿಸಿದಂತೆ ಕಾಣಲಿಲ್ಲ, ಮೈತುಂಬ ಕಾಯಿ ಬಿಟ್ಟಿತು.

ಹಣ್ಣಾಗುತ್ತಲೇ ಬೆಂಗಳೂರಿನಿಂದ ಪರೀಕ್ಷಾಧಿಕಾರಿಯೊಬ್ಬರು ಬಂದರು. ಜೀಪಿನಲ್ಲಿ ಕೊಡಲಿ, ಸೀಮೆಎಣ್ಣೆ ಎರಡನ್ನೂ ಮುಂಜಾಗ್ರತೆಯಾಗಿ ತಂದಿದ್ದರು. ನಿಯಮ ಸರಳ: ಅಧಿಕಾರಿಯ ಕೈಗೆ ಮೇಣ ಅಂಟಿದರೆ ವಿಫಲ, ಅಂಟದಿದ್ದರೆ ಸಫಲ. ಹಣ್ಣನ್ನು ಅಂಗಳದಲ್ಲಿ ಮಲಗಿಸಿದರು. ಅಧಿಕಾರಿ ಚಾಕು ತೆಗೆದುಕೊಂಡು ಕೂತರು.

ಗಂಗಾಂಬಿಕೆಯ ಕಣ್ಣು ಕೊಡಲಿಯ ಮೇಲೇ ಇತ್ತು. ಆದರೂ ನೆಂಟರು ಬರಿಗೈಯಲ್ಲಿ ಹಲಸು ಕೊಯ್ಯಲು ಹೊರಟಿದ್ದನ್ನು ಕಂಡು ಕೂತಲ್ಲಿ ಕೂರಲಾಗಲಿಲ್ಲ. ಒಳಗೆ ಓಡಿ ಕೊಬ್ಬರಿಎಣ್ಣೆ ಬಟ್ಟಲು ತಂದರು. “ಅಯ್ಯೋ ಸ್ವಾಮೀ, ಎಣ್ಣೆ ಹಚ್ಕಳಿ! ಹಂಗೇ ಮುಟ್ಟೂದುಂಟಾ?”

ಇದು ಊರಿನ ಸನ್ಮಾನವಿರಬೇಕೆಂದುಕೊಂಡ ಅಧಿಕಾರಿ ಸಂತೋಷದಿಂದ ಮೊಣಕೈವರೆಗೆ ಎಣ್ಣೆ ಹಚ್ಚಿಕೊಂಡರು. ಚಾಕುವಿಗೂ ಹಚ್ಚಿದರು. ಹಣ್ಣನ್ನು ಎರಡು ಹೋಳು ಮಾಡಿ, ತೊಳೆ ಬಿಡಿಸಿ ತಿಂದು, ಕೈಯನ್ನು ತಿರುಗಿಸಿ ತಿರುಗಿಸಿ ನೋಡಿದರು. ಏನೂ ಅಂಟಿರಲಿಲ್ಲ.

“ಆದರೆ ಇಲ್ಲಿ ಬಿಳಿ ಹಾಲು ಸುರೀತಾ ಇದೆಯಲ್ರೀ?”

“ಮೇಣ ಮರ ಬಿಟ್ಟು ಹೋಗ್ತಾ ಇದೆ ಸಾರ್,” ಎಂದರು ಶಿವಶಂಕರಪ್ಪ.

ಅಧಿಕಾರಿ ಇನ್ನೊಂದು ತೊಳೆ ಬಾಯಿಗೆ ಹಾಕಿಕೊಂಡು ಸಹಿ ಮಾಡಿದರು. ಗಂಗಾಂಬಿಕೆ ಹೋಗಿ ಮರಕ್ಕೆ ಒರಗಿ ಅತ್ತೇಬಿಟ್ಟರು. ವಿಜ್ಞಾನದ ಮೇಲಿನ ಅಭಿಮಾನವೆಂದು ವರದಿಯಲ್ಲಿದೆ.

ಈಗ ಮೂರೂ ತಾಲೂಕುಗಳಲ್ಲಿ ಮೇಣಮುಕ್ತ ಹಲಸಿನ ಸಸಿ ಹಂಚಲಾಗುತ್ತಿದೆ. ಸಸಿಯೊಂದಿಗೆ ಭಾವಮೈದುನರು ಸರಬರಾಜು ಮಾಡುವ ‘ಮೇಣನಿರೋಧಕ ದ್ರಾವಣ’ದ ಬಾಟಲಿ ಕಡ್ಡಾಯ, ಕೊಬ್ಬರಿಯ ವಾಸನೆ ಬಂದಲ್ಲಿ ಗಾಬರಿಪಡಬಾರದು. ದ್ರಾವಣ ಹಚ್ಚದೆ ಮೇಣ ಅಂಟಿಸಿಕೊಂಡವರು ತಂತ್ರಜ್ಞಾನಕ್ಕೆ ಅವಮಾನ ಮಾಡಿದವರಾಗುತ್ತಾರೆ. ರೈತರು ತಕರಾರು ಮಾಡಿಲ್ಲ. “ಮೊದ್ಲೂ ಹಚ್ತಿದ್ವಿ, ಈಗ ಅದಕ್ಕೆ ಸೀಲು ಬಂದದೆ,” ಎನ್ನುತ್ತಾರೆ ನರಸಿಂಹರಾಜಪುರದ ಮಂಜಪ್ಪ.

ಸಸಿಗಳ ಚಿಗುರಿಗೆ ಹಚ್ಚಲು, ಮೊದಲ ಮರಕ್ಕೆ ಹಚ್ಚಿದ ಅದೇ ಯಶಸ್ವಿ ದ್ರಾವಣ ಬೇಕೆಂದು ಸಾಹೇಬರು ಪಟ್ಟು ಹಿಡಿದದ್ದರಿಂದ, ಸುದರ್ಶನ ಆಗಾಗ ಡಬ್ಬಿ ಹಿಡಿದು ಸಿರಿಮನೆಗೆ ಹೋಗುತ್ತಾನೆ. ಮೊದಲ ಸಲ ಗಂಗಾಂಬಿಕೆ ಬೈದರು: “ಎಂತ ಮಾರಾಯ, ಸರ್ಕಾರಿ ಡಬ್ಬಿ ಅಂತ ಖಾಲಿ ತರೂದಾ? ರೀತಿ ರಿವಾಜು ಬ್ಯಾಡ್ದಾ?” ಅವನು ಇದನ್ನು ಮಂಡಳಿಯ ಗಮನಕ್ಕೆ ತಂದ. ಮಂಡಳಿಯಲ್ಲಿ ತುಂಬಿಸಿ ಕಳಿಸುವಂಥದ್ದು ಬೇರೇನೂ ಇರಲಿಲ್ಲ. ಹಾಗಾಗಿ ಈಗ ಡಬ್ಬಿ ತುಂಬ ಬ್ಯಾಕ್ಟೀರಿಯಾ ಹೋಗುತ್ತದೆ, ಡಬ್ಬಿ ತುಂಬ ಮಜ್ಜಿಗೆ ಬರುತ್ತದೆ. ಹೋದದ್ದನ್ನು ಎಮ್ಮೆ ಕುಡಿದು ಸುಮ್ಮನಾಗುತ್ತದೆ.