ಕೆಳಗಿನ ಓಣಿಗೆ ಗುಳಿಗಿ ಇಲ್ಲ

ಮಂದೀನ್ನ ಲೆಕ್ಕಕ್ಕ ಹಿಡ್ಯಾಕ ಹೋದವರಿಗೆ ನಗಿಗೇನೂ ಬರ ಇಲ್ರಿ. ನಾವು ಒಂದು ಕಡೆ ನಿಲ್ಲಸಿದ್ರ ಅವರು ಇನ್ನೊಂದು ಕಡೆ ಹೋಗಿ ಕುಂತಿರ್ತಾರ.

ಬ್ರಿಟಿಷರ ಕಾಲ, ಸಾವಿರದ ಒಂಬೈನೂರಾ ಇಪ್ಪತ್ತರ ದಶಕದಾಗ ನಾನು ಬೆಳಗಾವ್ಯಾಗ ಸರಕಾರಿ ಕಂಪೌಂಡರ್. ಖಾನಾಪುರದ ಅಡವಿ ಹಳ್ಳ್ಯಾಗ ಮಳಿ ಬಿತ್ತಂದ್ರ ಮನಿಮನಿಗೂ ಚಳಿಜ್ವರ. ತಾಲೂಕಿಗೆಲ್ಲ ಜ್ವರ ಬರದಂಗ ತಡಿಯೋ ಕ್ವಿನೈನ್ ಗುಳಿಗಿ ಪುಕ್ಕಟ ಕೊಡ್ರಿ ಅಂತ ನಮ್ಮ ತರುಣ ಡಾಕ್ಟರು ಕೇಳಿದ್ರು. ದೊಡ್ಡ ಸಾಹೇಬ್ರು ಅಂದ್ರು: “ಒಂದು ಹಳ್ಳ್ಯಾಗ ಅರ್ಧ ಮಂದಿಗೆ ಮೊದಲ ಕೊಟ್ಟು ನೋಡು. ಫರಕು ಕಂಡ್ರ ಎಲ್ಲಾರಿಗೂ ಕೊಡ್ತೀನಿ. ಕಾಣ್ಲಿಲ್ಲಂದ್ರ ಮತ್ತ ಕೇಳಬ್ಯಾಡ.”

“ದೀಪಾವಳಿಗೆ ಬಂದು ನೋಡ್ರಿ,” ಅಂತ ಡಾಕ್ಟರು ಎದಿ ಉಬ್ಬಿಸಿ ಹೇಳಿ ಬಂದ್ರು.

ಹೊಟ್ಟಿ ಪರೀಕ್ಷೆ

ಜ್ವರ ಮ್ಯಾಲಿಂದ ಮ್ಯಾಲ ಬಂದವರಿಗೆ ಹೊಟ್ಟಿ ಎಡಕ್ಕ ಗಡ್ಡಿ ಬೆಳೀತೈತಿ. ಮೊದಲ ಅದನ್ನ ಮುಟ್ಟಿ ನೋಡಬೇಕಿತ್ತು. ನಾವು ಆರಿಸಿದ ಹಳ್ಳಿ ಗೌಡ್ರು ಊರಾಗಿನ ಹುಡುಗ್ರನ್ನೆಲ್ಲ ಕರಸಿದ್ರು. ಒಂದೂ ಗಡ್ಡಿ ಇಲ್ಲ! ಎಲ್ಲಾವೂ ತುಂಬಿದ ಗಲ್ಲದವು.

ಡಾಕ್ಟರಿಗೆ ಸಂಶಯ ಬಂತು. “ಜಡ್ಡಿನ ಹುಡುಗ್ರು ಎಲ್ಲ್ಯದಾವ್ರೀ ಗೌಡ್ರ?”

“ಅವನ್ನ ಹೊಲಕ್ಕ ಕಳಿಸೇನ್ರಿ. ಊರಿಗೆ ಜಡ್ಡಿನ ಊರು ಅಂತ ಹೆಸರು ಬಿದ್ರ ನಮ್ಮ ಹುಡುಗ್ರಿಗೆ ಕನ್ಯಾ ಯಾರು ಕೊಡ್ತಾರ?”

“ಗಡ್ಡಿ ಇಲ್ದ ಊರಿಗೆ ಗುಳಿಗೀನೂ ಇಲ್ರಿ,” ಅಂದ್ರು ಡಾಕ್ಟರು. ಮರುದಿನ ಊರಿಗೂರ ಹೊಟ್ಟಿ ಬಿಟ್ಕೊಂಡು ಬಂದು ನಿಂತಿತು. ಎಲ್ಲಾರಿಗಿಂತ ಮುಂದ ಗೌಡ್ರು! ಡಾಕ್ಟರು ಒತ್ತಿ ನೋಡಿ, “ಇದು ಗಡ್ಡಿ ಅಲ್ರಿ, ಹೋಳಿಗಿ,” ಅಂದ್ರು.

ರೂಪಾಯಿ ಚಿಮ್ಮಿದ್ದು

ಊರಾಗ ಎರಡು ಓಣಿ. ಯಾವ ಓಣಿಗೆ ಕೊಡೋದು? ಡಾಕ್ಟರು ಚಾವಡಿ ಮುಂದ ರೂಪಾಯಿ ಚಿಮ್ಮಿದ್ರು. ಮ್ಯಾಲಿನ ಓಣಿ ಗೆದ್ದಿತು. ಗೌಡ್ರ ಮನಿ ಕೆಳಗಿನ ಓಣ್ಯಾಗ.

“ಇನ್ನೊಮ್ಮೆ ಚಿಮ್ಮರಿ, ಈಗ ಗಾಳಿ ಇತ್ತು,” ಅಂದ್ರು ಗೌಡ್ರು.

ಮ್ಯಾಲಿನ ಓಣ್ಯಾಗಿನ ಒಬ್ಬ ಅಜ್ಜಿಗೆ ಗೆದ್ರೂ ಸಿಟ್ಟು. ಮರಾಠ್ಯಾಗ ಬೈದು, ಕನ್ನಡದಾಗ “ಕುಂದರ್ರಿ” ಅಂತ ಕಂಬಳಿ ಹಾಸಿ ಕೇಳಿದ್ಳು: “ಸರಕಾರ ಜೂಜಾಡಾಕ ಹತ್ತೈತೇನು? ನನ್ನ ಮಗಳನ್ನ ಕೆಳಗಿನ ಓಣಿಗೆ ಕೊಟ್ಟೇನಿ. ಆಕಿಗ್ಯಾಕಿಲ್ಲ?”

“ನಾ ಆರಿಸಿದ್ರ ಪಕ್ಷಪಾತ ಆಗ್ತೈತಿ ಅಜ್ಜಿ. ರೂಪಾಯಿಗೆ ಬೀಗರಿಲ್ಲ. ಜ್ವರ ಬಂದ್ರ ಔಷಧ ಎಲ್ಲಾರಿಗೂ ಐತಿ. ಅಷ್ಟ್ಯಾಕ, ನಾನೂ ಗುಳಿಗಿ ನುಂಗಂಗಿಲ್ಲ. ನಾ ಯಾವ ಓಣಿಯವನೂ ಅಲ್ಲ.”

ಅಜ್ಜಿ ನನ್ನ ಕಡೆ ತಿರುಗಿ, “ಇವರ ಮನ್ಯಾಗ ಹೇಳವರು ಕೇಳವರು ಯಾರೂ ಇಲ್ಲೇನು?” ಅಂದ್ಳು.

ಬೆಳೆಯೋ ಓಣಿ

ಸಂತಿ ದಿನ ವಾರದ ಗುಳಿಗಿ ಹಂಚೋ ಕೆಲಸ ನಂದು. ವಾರ ವಾರ ಮ್ಯಾಲಿನ ಓಣ್ಯಾಗ ಮಂದಿ ಹೆಚ್ಚಾಗಾಕ ಹತ್ತಿದ್ರು. “ಅತ್ತಿ ಬಂದಾಳ್ರಿ, ಆಕಿಗೊಂದಿಷ್ಟು.” “ಅಳಿಯ ಬಂದಾನ್ರಿ.” ಡಾಕ್ಟರು ಖುಷಿಯಾಗಿ, “ಬರ್ಲಿ, ಮಂದಿ ಹೆಚ್ಚಾದಷ್ಟೂ ಲೆಕ್ಕ ಗಟ್ಟಿ,” ಅಂದ್ರು.

ನನಗ ಮಾತ್ರ ಒಂದ ಚಿಂತಿ. ಇಷ್ಟು ಬೀಗರು ಬಂದ್ರೂ ಆ ಓಣ್ಯಾಗ ಒಂದು ಮನ್ಯಾಗೂ ಒಗ್ಗರಣಿ ಘಮ ಹೆಚ್ಚಾಗಿರ್ಲಿಲ್ಲ.

ಖಾಲಿ ಬಟ್ಟಲ

ದೀಪಾವಳಿಗೆ ಸಾಹೇಬ್ರು ಬಂದ್ರು. ಮ್ಯಾಲಿನ ಓಣಿ ತಿರುಗಿದ್ರು, ಎಲ್ಲಾರೂ ಗಟ್ಟಿ. ಕೆಳಗಿನ ಓಣಿಗೆ ಬಂದ್ರು, ಅಲ್ಲೂ ಎಲ್ಲಾರೂ ಗಟ್ಟಿ. ಗೌಡ್ರಂತೂ ಮೊದಲಿಗಿಂತ ದಪ್ಪ ಆಗಿದ್ರು.

“ಫರಕು ಎಲ್ಲೈತಿ? ಗುಳಿಗಿ ಇಲ್ದವರೂ ಆರಾಮ ಅದಾರಲ್ಲ! ಮುಗೀತು, ತಾಲೂಕಿಗೆ ಗುಳಿಗಿ ಇಲ್ಲ,” ಅಂದ್ರು ಸಾಹೇಬ್ರು. ಇಷ್ಟು ದಿನ ತಿರುಗಿದ್ದೆಲ್ಲ ನೀರಾಗ ಹೋಮ ಮಾಡಿದಂಗ ಆತು.

ಆಗ ಅಜ್ಜಿ ಮುಂದ ಬಂದ್ಳು. “ಇಲ್ದವರು ಯಾರ್ರೀ? ಮಗಳು ಬಟ್ಟಲದಾಗ ಪಲ್ಯಾ ಕಳಸ್ತಾಳ. ಬಟ್ಟಲ ಖಾಲಿ ಹೊಳ್ಳಿ ಕಳಸಾಕ ಬರ್ತೈತೇನು? ಗುಳಿಗಿ ಹಾಕಿ ಕಳಿಸಿದೆ. ಓಣ್ಯಾಗ ಎಲ್ಲಾರೂ ಹಂಗ ಮಾಡಿದ್ರು. ಮತ್ತ ಆ ಅತ್ತಿ, ಆ ಅಳಿಯ ಎಲ್ಲಿಂದ ಬಂದ್ರು ಅಂತೀರಿ?”

ಸಾಹೇಬ್ರು ತಲಿ ಹಿಡಕೊಂಡ್ರು. “ಹಂಗಾದ್ರ ಈ ಊರಾಗ ಗುಳಿಗಿ ನುಂಗದವರು ಒಬ್ಬರೂ ಇಲ್ಲೇನು?”

“ಅದಾರಲ್ರೀ ಒಬ್ಬರು,” ಅಂತ ಅಜ್ಜಿ ಚಾವಡಿ ಕಡೆ ಕೈ ತೋರಿಸಿದ್ಳು. ಅಲ್ಲಿ ಊರ ಕಂಬಳಿಯೆಲ್ಲ ಹೊದ್ದು ನಮ್ಮ ಡಾಕ್ಟರು ಗಡಗಡ ನಡಗತಿದ್ರು. ಊರಾಗ ಜ್ವರ ಬಂದವರು ಅವರೊಬ್ಬರ!

ಸಾಹೇಬ್ರು ಕಣ್ಣಾಗ ನೀರು ಬರೂತನಾ ನಕ್ಕರು. “ಫರಕು ಕಂಡಿತಪ್ಪಾ,” ಅಂತ ತಾಲೂಕಿಗೆಲ್ಲ ಗುಳಿಗಿ ಮಂಜೂರು ಮಾಡಿದ್ರು. ಡಾಕ್ಟರು ನಡಗಕೋತನ ಎದ್ದು ಕುಂತು, “ನಾ ಹೇಳಿರಲಿಲ್ಲೇನ್ರೀ?” ಅಂದ್ರು.

ಅಜ್ಜಿಗೆ ಮಾತ್ರ ಮನಸ್ಸಿಗೆ ಬಾಳ ಹತ್ತಿತ್ತು. “ನನ್ನ ತಪ್ಪಲ್ರೀ ಸಾಹೇಬ್ರ. ಇವರು ಒಂದು ದಿನಾರೆ ನಮ್ಮ ಮನಿಗೆ ಪಲ್ಯಾ ಕಳಿಸಿದ್ರ ಇವರ ಬಟ್ಟಲಕ್ಕೂ ಹಾಕಿ ಕಳಸ್ತಿದ್ದೆ!”